ಕೆ.ಸಿ. ವ್ಯಾಲಿ ನೀರು: ನೀವು ನಿಂತ ಜಾಗದಿಂದ ಏನು ಕಾಣುತ್ತದೆ?

ಕೆರೆದಂಡೆ

ನಮ್ಮೂರು ಕೋಲಾರ ತಾಲ್ಲೂಕು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುವ ಕೆರೆಗಳಲ್ಲಿ ನಮ್ಮದೂ ಒಂದು. ಗ್ರಾಮಸಭೆಯಲ್ಲಿ ಈ ವಿಷಯ ಎತ್ತಬೇಕು ಅಂತ ಕೆಲವರು ಕೂತು ಮಾತಾಡಿದೆವು. ಏನು ಕೇಳಬೇಕು ಅನ್ನುವುದೇ ತೀರ್ಮಾನ ಆಗಲಿಲ್ಲ. ಬೋರ್‌ವೆಲ್ ಇರುವವರು ನೀರು ಇನ್ನೂ ಜಾಸ್ತಿ ಬಿಡಲಿ ಅನ್ನುತ್ತಾರೆ. ದನ ಸಾಕಿದವರು ಮೊದಲು ನೀರು ಶುದ್ಧ ಮಾಡಿ ಅನ್ನುತ್ತಾರೆ. ಮೀನಿನ ಟೆಂಡರ್ ಹಿಡಿದವರಿಗೆ ಯಾರೂ ಏನೂ ಮಾತಾಡದಿದ್ದರೆ ಸಾಕು.

ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ (ಅದೇ ಕೆ.ಸಿ. ವ್ಯಾಲಿ) ಕೊಳಚೆ ನೀರನ್ನು ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್ ನಮ್ಮ ಕಡೆಗೆ ಪಂಪ್ ಮಾಡಿ, 126 ಕೆರೆ ತುಂಬಿಸುವುದು ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಮುಂದಿನ ತಿಂಗಳೇ ನೊರೆ ಬಂತು. ಹೈಕೋರ್ಟ್ ತಡೆ ಕೊಟ್ಟಿತು, ಸೆಪ್ಟೆಂಬರ್‌ನಲ್ಲಿ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಅದೂ ಆಮೇಲೆ ತೆರವಾಯಿತು. ನೀರು ಬರುತ್ತಲೇ ಇದೆ.

ದಯವಿಟ್ಟು "ಒಳ್ಳೆಯದು", "ಕೆಟ್ಟದ್ದು" ಅಂತ ಓಟು ಹಾಕಬೇಡಿ. ನೀವು ಎಲ್ಲಿಂದ ನೋಡುತ್ತಿದ್ದೀರಿ, ಅಲ್ಲಿಂದ ಏನು ಕಾಣುತ್ತದೆ ಅಷ್ಟು ಹೇಳಿ.

ಟೊಮೆಟೊ_ಬಾಕ್ಸ್

ನಾನು ನೋಡುವುದು ತೋಟದಿಂದ. ಎರಡೂವರೆ ಎಕರೆ. ನೀರು ಬರುವ ಮೊದಲು ನಮ್ಮ ಸುತ್ತಮುತ್ತ ಸಾವಿರದ ಇನ್ನೂರು, ಸಾವಿರದ ಐನೂರು ಅಡಿ ಕೊರೆಸಿದರೂ ಬರೀ ದೂಳು ಬರುತ್ತಿತ್ತು. ಕೊರೆಸಿದ ಖರ್ಚಿಗೆ ಚಿನ್ನ ಅಡ ಇಟ್ಟವರು ಮನೆಮನೆಯಲ್ಲಿ ಇದ್ದಾರೆ. ಈಗ ಬತ್ತಿಹೋಗಿದ್ದ ಹಳೆ ಬೋರ್‌ಗಳಲ್ಲೂ ನೀರು ಬಂದಿದೆ.

2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ ಹದಿನೈದು ಕೆಜಿ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತಲ್ಲ. ಆ ಬೆಲೆ ಸಿಕ್ಕಿದ್ದು ಯಾರ ತೋಟದಲ್ಲಿ ಬೇಸಿಗೆಯಲ್ಲೂ ನೀರಿತ್ತೋ ಅವರಿಗೆ ಮಾತ್ರ. ಎಸಿ ರೂಮಲ್ಲಿ ಕೂತು "ಕೊಳಚೆ ನೀರು" ಅಂತ ಮೂಗು ಮುರಿಯುವವರು ಒಂದು ಬೇಸಿಗೆ ನಮ್ಮ ಹೊಲದಲ್ಲಿ ಇದ್ದು ನೋಡಲಿ.

ಸರ್ಜಾಪುರ_ರೋಡ್

ನಮ್ಮ ಅಪಾರ್ಟ್‌ಮೆಂಟಿನ ಫ್ಲಶ್ ನೀರಿಗೆ ಇಷ್ಟೊಂದು ಬೆಲೆ ಇದೆ ಅಂತ ಗೊತ್ತೇ ಇರಲಿಲ್ಲ ಸ್ವಾಮಿ. ಬಿಲ್ ಕಳಿಸಬಹುದಾ?

ಮಂಡ್ಯದ_ಮಗ

ಬಿಲ್ ಕಳಿಸುವುದಾದರೆ ನಮಗೆ ಕಳಿಸಿ. ಅದು ನಿಮ್ಮ ನೀರಲ್ಲ ಸರ್, ಕಾವೇರಿ.

ತೊರೆಕಾಡನಹಳ್ಳಿ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ಅಲ್ಲಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಮೇಲಕ್ಕೆ ಪಂಪ್ ಮಾಡಿ ಬೆಂಗಳೂರಿಗೆ ಕೊಡುತ್ತಾರೆ. ಮನೆಗೆ ಕೊಟ್ಟ ನೀರಿನಲ್ಲಿ ನೂರಕ್ಕೆ ಎಂಬತ್ತು ಭಾಗ ಚರಂಡಿಗೆ ಬರುತ್ತದೆ ಅಂತ ಲೆಕ್ಕ ಹಾಕುವುದು ವಾಡಿಕೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆ ಆಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಅಂದರೆ ಕೋಲಾರಕ್ಕೆ ಕೊಡಬಹುದಾದ ಕೊಳಚೆ ನೀರೂ ಜಾಸ್ತಿ ಆಗುತ್ತದೆ.

2018ರ ಫೆಬ್ರುವರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ ಕೊಟ್ಟಾಗ ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ ಅಂತ ಹೇಳಿತು. ಸರಿ, ಕುಡಿಯಲಿ. ಆದರೆ 2023ರಲ್ಲಿ ತಮಿಳುನಾಡಿಗೆ ನೀರು ಬಿಡಬೇಡಿ ಅಂತ ನಾವು ರಸ್ತೆಯಲ್ಲಿ ಕೂತಾಗ ನಮ್ಮ ಕಬ್ಬು ಒಣಗುತ್ತಿತ್ತು. ಕೋಲಾರದ ಅಣ್ಣತಮ್ಮಂದಿರ ಮೇಲೆ ಕೋಪ ಇಲ್ಲ. ನದಿ ನೀರು ಎರಡು ಸಲ ಬಳಕೆ ಆದರೆ ನನಗೆ ಸಂತೋಷವೇ. ಬೆಂಗಳೂರಿನ ಒಳಗೇ ಅದನ್ನು ಎರಡನೇ ಸಲ ಬಳಸಿದರೆ ನಮ್ಮ ಹತ್ತಿರ ಕೇಳುವುದು ಕಡಿಮೆ ಆಗುತ್ತಿತ್ತಲ್ಲ ಅನ್ನುವ ಪ್ರಶ್ನೆ ಮಾತ್ರ ಉಳಿಯುತ್ತದೆ.

ಟೊಮೆಟೊ_ಬಾಕ್ಸ್

ಅಣ್ಣಾ, ನಿಮಗೆ ಕಾಲುವೆ ಇದೆ, ಕೆಆರ್‌ಎಸ್ ಇದೆ. ನಮಗೆ ಏನಿದೆ? ನಮ್ಮಂಥ ಬರದ ಜಿಲ್ಲೆಗಳಿಗೆ ಶಾಶ್ವತ ನೀರಾವರಿ ಕೊಡಿ ಅನ್ನುವ ಪರಮಶಿವಯ್ಯ ವರದಿ ಜಾರಿ ಮಾಡಿ ಅಂತ 2016ರಲ್ಲಿ ಟ್ರ್ಯಾಕ್ಟರ್ ತಗೊಂಡು ಬೆಂಗಳೂರಿಗೆ ಹೊರಟೆವು, ಲಾಠಿ ಏಟು ತಿಂದು ವಾಪಸ್ ಬಂದೆವು. ಪಶ್ಚಿಮಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ ಅಡಿಗಲ್ಲು ಹಾಕಿದ್ದು 2014ರಲ್ಲಿ. ಸಕಲೇಶಪುರದ ಹತ್ತಿರ ಪಂಪ್ ಒತ್ತಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಕಾಯುವವರಿಗೆ ಕೊಳಚೆ ನೀರೂ ಗಂಗೆಯೇ.

ಎಸ್‌ಟಿಪಿ_ಸೀನ

ನಾನು ಶುದ್ಧೀಕರಣ ಘಟಕಗಳಲ್ಲಿ ಕೆಲಸ ಮಾಡುವವನು. ಯಾವ ಘಟಕ ಅಂತ ಕೇಳಬೇಡಿ. ಎರಡು ಕಡೆಯವರೂ ಅರ್ಧ ಕೇಳಿಸಿಕೊಂಡು ಜಗಳ ಆಡುತ್ತೀರಿ, ಅದಕ್ಕೆ ಸ್ವಲ್ಪ ವಿವರ.

ಮೊದಲು ಕಸ, ಮರಳು ತೆಗೆಯುತ್ತಾರೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಗಾಳಿ ಊದುತ್ತಾರೆ. ಬ್ಯಾಕ್ಟೀರಿಯಾ ಬೆಳೆದು ನೀರಿನಲ್ಲಿರುವ ಮಲದ ಅಂಶವನ್ನು ತಿನ್ನುತ್ತವೆ. ಆ ಕೆಸರು ತಳಕ್ಕೆ ಕೂತ ಮೇಲೆ ತಿಳಿನೀರು ಬೇರೆ. ಇದು ಎರಡನೇ ಹಂತ. ಕೋಲಾರಕ್ಕೆ ಬರುವುದು ಈ ನೀರು. ಘಟಕ ಸರಿಯಾಗಿ ನಡೆದರೆ ನೋಡಲು ತಿಳಿಯಾಗಿರುತ್ತದೆ, ವಾಸನೆ ಹೆಚ್ಚು ಇರಲ್ಲ. ಬಾಟಲಿಗೆ ತುಂಬಿ ಮಂತ್ರಿಗಳಿಗೆ ತೋರಿಸಬಹುದು.

ಆದರೆ ಎರಡನೇ ಹಂತ ಯಾವ ಕೆಲಸಕ್ಕೆ ಮಾಡಿದ್ದೋ ಆ ಕೆಲಸ ಮಾತ್ರ ಮಾಡುತ್ತದೆ. ನೈಟ್ರೇಟ್, ಫಾಸ್ಫೇಟ್ ಪೂರ್ತಿ ಹೋಗುವುದಿಲ್ಲ. ಅವು ಗೊಬ್ಬರ ಇದ್ದ ಹಾಗೆ, ಕೆರೆಯಲ್ಲಿ ಪಾಚಿ, ಅಂತರಗಂಗೆ ಬೆಳೆಯುತ್ತದೆ. ಉಪ್ಪಿನಂಶ ಹೋಗುವುದಿಲ್ಲ. ಲೋಹದ ಲೇಪ ಹಾಕುವ ಯಾವುದೋ ಸಣ್ಣ ಪ್ಲೇಟಿಂಗ್ ಅಂಗಡಿ ತನ್ನ ನೀರನ್ನು ರಾತ್ರಿ ಚರಂಡಿಗೆ ಬಿಟ್ಟರೆ ಆ ಲೋಹ ಹಿಡಿಯಲು ಈ ತೊಟ್ಟಿಗಳನ್ನು ಕಟ್ಟಿಲ್ಲ. ನೊರೆ ಬರುವುದು ಹೆಚ್ಚಾಗಿ ಬಟ್ಟೆ ಒಗೆಯುವ ಪುಡಿಯಿಂದ. ಮೂರನೇ ಹಂತ ಅಂತ ಹೋರಾಟಗಾರರು ಕೇಳುತ್ತಿರುವುದು ಈ ಉಳಿಕೆಗಳಿಗೆ. ಅದಕ್ಕೆ ದುಡ್ಡು ಬೇಕು, ಕರೆಂಟ್ ಬೇಕು, ವರ್ಷಪೂರ್ತಿ ನೋಡಿಕೊಳ್ಳುವ ಜನ ಬೇಕು.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಘಟಕ ಒಂದು ದಿನ ಕೈಕೊಟ್ಟರೆ ಆ ದಿನದ ನೀರು ಎಲ್ಲಿಗೆ ಹೋಗುತ್ತದೆ? ಸರಾಸರಿ ವರದಿಯಲ್ಲಿ ಆ ಒಂದು ದಿನ ಕಾಣಲ್ಲ.

ಸಿಂಗಪುರ_ಕನ್ನಡಿಗ

ಇಲ್ಲಿ 2003ರಿಂದ ನ್ಯೂವಾಟರ್ ಅಂತ ಕೊಡುತ್ತಾರೆ. ಅದೂ ಕೊಳಚೆ ನೀರೇ. ಆದರೆ ಸೂಕ್ಷ್ಮ ಫಿಲ್ಟರ್, ಆರ್‌ಒ, ಯುವಿ ಎಲ್ಲ ಮುಗಿಸಿ ಬರುತ್ತದೆ. ಹೆಚ್ಚಿನ ಪಾಲು ಚಿಪ್ ಕಾರ್ಖಾನೆಗಳಿಗೆ ಹೋಗುತ್ತದೆ. ಸ್ವಲ್ಪ ಭಾಗ ಜಲಾಶಯಕ್ಕೆ ಸೇರಿ, ಮತ್ತೆ ಶುದ್ಧವಾಗಿ ನಲ್ಲಿಗೆ ಬರುತ್ತದೆ. ಭಾರತದಲ್ಲೂ ಹಾಗೇ ಮಾಡಬಹುದು, ಮನಸ್ಸಿಲ್ಲ ಅಷ್ಟೇ.

ಎಸ್‌ಟಿಪಿ_ಸೀನ

@ಸಿಂಗಪುರ_ಕನ್ನಡಿಗ ಮಾಡಬಹುದು ಸರ್. ಅಲ್ಲಿ ಕಾರ್ಖಾನೆಗಳು ಆ ನೀರಿಗೆ ಕಾಸು ಕೊಡುತ್ತವೆ. ಇಲ್ಲಿ ಕೆರೆಗೆ ಬಿಟ್ಟ ನೀರಿಗೆ ಯಾರು ಕೊಡುತ್ತಾರೆ? "ಮನಸ್ಸಿಲ್ಲ" ಅನ್ನುವುದು ಸುಲಭ, ಲೆಕ್ಕದ ಪುಸ್ತಕ ಯಾರ ಹತ್ತಿರ ಇದೆ ಅನ್ನುವುದು ಕಷ್ಟದ ಪ್ರಶ್ನೆ.

ಅಂಕಿಅಂಶ

ಅಂತರ್ಜಲ ಏರಿದೆ ಅನ್ನುವ ಮಾತಿಗೆ ಒಂದು ಎಚ್ಚರಿಕೆ. ಏರಿದೆ, ಅದರಲ್ಲಿ ಅನುಮಾನ ಇಲ್ಲ. ಎಷ್ಟು ಪಾಲು ಕೆ.ಸಿ. ವ್ಯಾಲಿಯಿಂದ ಅನ್ನುವುದರಲ್ಲಿ ಅನುಮಾನ ಇದೆ. 2021ರ ನವೆಂಬರ್ ಮಳೆ ನೆನಪಿದೆಯಲ್ಲ? ಕೋಲಾರ, ಚಿಕ್ಕಬಳ್ಳಾಪುರದಲ್ಲಿ ದಶಕಗಳಿಂದ ತುಂಬದ ಕೆರೆಗಳೂ ಕೋಡಿ ಹರಿದವು. 2022ರಲ್ಲೂ ಮಳೆ ಜೋರಾಗಿತ್ತು. ಪೈಪಿನ ನೀರೇ ಬರದ ಊರುಗಳಲ್ಲೂ ಆಗ ಬೋರ್‌ಗಳು ತುಂಬಿದವು.

ಹಾಗಾಗಿ 2018ರ ಮಟ್ಟ, 2023ರ ಮಟ್ಟ ಅಂತ ಎರಡು ಅಂಕಿ ಪಕ್ಕಪಕ್ಕ ಇಟ್ಟು "ಯೋಜನೆ ಗೆದ್ದಿತು" ಅನ್ನುವುದು ಸರಿಯಲ್ಲ. ನೀರು ಬಂದ ಕೆರೆಯ ಪಕ್ಕದ ಬೋರ್ ಮತ್ತು ನೀರು ಬರದ ಕೆರೆಯ ಪಕ್ಕದ ಬೋರ್, ಎರಡನ್ನೂ ಒಂದೇ ತಿಂಗಳು ಅಳೆಯಬೇಕು. ಅದೂ ಮಳೆ ಕಮ್ಮಿ ಇದ್ದ ವರ್ಷ. 2019ರ ಬೇಸಿಗೆಯ ಅಂಕಿ ಇದ್ದರೆ ಅದು ಚಿನ್ನ.

ಟೊಮೆಟೊ_ಬಾಕ್ಸ್

ಸರ್, 2019ರ ಬೇಸಿಗೆಯಲ್ಲೇ ನಮ್ಮ ಪಕ್ಕದ ತೋಟದ ಬೋರ್ ಎತ್ತಿಕೊಂಡಿತ್ತು. ಮಳೆ ಇರಲಿಲ್ಲ. ಇದಕ್ಕೆ ಕಾಗದ ಬೇಕಾ?

ಅಂಕಿಅಂಶ

ಬೇಕು. ಆ ತೋಟ ಕೆರೆಯಿಂದ ಎಷ್ಟು ದೂರ ಅಂತಲೂ ಬೇಕು. ನಿಮ್ಮ ಮಾತು ಸುಳ್ಳು ಅಂತಲ್ಲ. ಕೋರ್ಟು, ಇಲಾಖೆ ಯಾವುದೇ ಇರಲಿ, ಎದುರಿಗಿರುವವರಿಗೆ ಕಾಗದ ಬೇಕೇ ಬೇಕು.

ನೀರಗಂಟಿ_ಮೊಮ್ಮಗ

ಇಷ್ಟು ಹೊತ್ತು ಎಲ್ಲರೂ ನೀರು ಎಷ್ಟು, ನೀರು ಹೇಗೆ ಅಂತ ಮಾತಾಡಿದಿರಿ. ನೀರು ಯಾರಿಗೆ ಅಂತ ಒಬ್ಬರೂ ಕೇಳಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಮ್ಮ ತಾತ ನೀರಗಂಟಿ. ನಮ್ಮದು ಊರಾಚೆಯ ಕೇರಿ. ಕೆರೆ ತುಂಬಿದರೆ ತೂಬು ಎತ್ತುವುದು, ಅಚ್ಚುಕಟ್ಟಿನ ಪ್ರತಿ ಗದ್ದೆಗೂ ಸರದಿಯಲ್ಲಿ ನೀರು ಹಾಯಿಸುವುದು, ರಾತ್ರಿ ಕೋಡಿ ಕಾಯುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರಾಗಿ, ಭತ್ತ ಕೊಡುತ್ತಿದ್ದರು. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನಲ್ಲೂ ಅರ್ಧ ಜಾಗಕ್ಕೆ ಮಾತ್ರ ನಾಟಿ. ದೊಡ್ಡವರ ಗದ್ದೆಗೂ ಅದೇ ಲೆಕ್ಕ, ಸಣ್ಣವರ ಗದ್ದೆಗೂ ಅದೇ ಲೆಕ್ಕ. ಆ ಕಾಲ ಚಿನ್ನದಂತಿತ್ತು ಅಂತ ನಾನು ಹೇಳಲ್ಲ. ಊರಿನ ನೀರೆಲ್ಲ ತಾತನ ಕೈಯಲ್ಲಿತ್ತು, ಆದರೆ ಊರಿನ ಬಾವಿ ಮುಟ್ಟುವಂತಿರಲಿಲ್ಲ. ಆದರೂ ಕೆರೆ ನೀರಿಗೆ ಒಂದು ಹಂಚಿಕೆ ಅಂತ ಇತ್ತು.

ಈಗ ಏನಾಗಿದೆ? ಯೋಜನೆಯ ನಿಯಮದ ಪ್ರಕಾರ ಈ ನೀರು ಇಂಗಲಿಕ್ಕೆ ಮಾತ್ರ. ಕೆರೆಗೆ, ಕಾಲುವೆಗೆ ನೇರವಾಗಿ ಮೋಟರ್ ಇಡುವಂತಿಲ್ಲ. ತೂಬು ಎತ್ತುವಂತಿಲ್ಲ. ಹಾಗಾದರೆ ನೀರು ಕೈಗೆ ಸಿಗುವುದು ಯಾರಿಗೆ? ಯಾರ ಹತ್ತಿರ ಬೋರ್‌ವೆಲ್ ಇದೆಯೋ, ಯಾರ ಜಮೀನು ಕೆರೆ ಹತ್ತಿರ ಇದೆಯೋ, ಯಾರಿಗೆ ಮೋಟರ್ ಕನೆಕ್ಷನ್ ಇದೆಯೋ ಅವರಿಗೆ. ಅಚ್ಚುಕಟ್ಟಿನಲ್ಲಿ ಹತ್ತು ಗುಂಟೆ ಇರುವ ನಮ್ಮಂಥವರ ಕಣ್ಣೆದುರಿಗೇ ಕೆರೆ ತುಂಬಿ ನಿಂತಿದೆ, ಗದ್ದೆ ಬೀಳು ಬಿದ್ದಿದೆ.

ಕೆರೆ ಅಂಗಳದ ವಿಷಯವೂ ಇದೆ. ಮೊದಲು ಬೇಸಿಗೆಯಲ್ಲಿ ಕೆರೆ ಒಣಗುತ್ತಿತ್ತು. ಅಂಗಳದಲ್ಲಿ ಕುರಿ, ದನ ಮೇಯುತ್ತಿದ್ದವು. ಗೋಡು ಮಣ್ಣು ಹೊಲಕ್ಕೆ ಹೋಗುತ್ತಿತ್ತು, ಹೂಳೂ ಕಡಿಮೆ ಆಗುತ್ತಿತ್ತು. ಈಗ ವರ್ಷವಿಡೀ ನೀರು ನಿಂತಿರುವುದರಿಂದ ಹೂಳು ತೆಗೆಯುವುದು ಯಾವಾಗ? ಜಮೀನಿಲ್ಲದೆ ನಾಲ್ಕು ಕುರಿ ಸಾಕಿಕೊಂಡವಳು ಎಲ್ಲಿಗೆ ಹೋಗಬೇಕು? 2021ರಲ್ಲಿ ಮಳೆ ಬಂದಾಗ ಮೊದಲೇ ತುಂಬಿದ್ದ ಕೆರೆಯಲ್ಲಿ ಮಳೆ ನೀರಿಗೆ ಜಾಗವೇ ಇರಲಿಲ್ಲ. ಕೋಡಿ ಕೆಳಗಿನ ಹೊಲಗಳು ಕೊಚ್ಚಿಹೋದವು.

ಟೊಮೆಟೊ ಅಣ್ಣನ ಮಾತು ನಿಜ. ಅವರ ತೋಟದಿಂದ ನೋಡಿದರೆ ಇದು ಬದುಕು ಕೊಟ್ಟ ನೀರು. ನಮ್ಮ ಕೇರಿಯಿಂದ ನೋಡಿದರೆ ಊರಿನ ಸಾಮೂಹಿಕ ನೀರು ಸದ್ದಿಲ್ಲದೆ ಖಾಸಗಿ ಬೋರ್‌ಗಳ ಒಳಗೆ ಇಳಿದುಹೋಗಿದೆ.

ಕೆರೆದಂಡೆ

ಇದನ್ನು ಊರಿನ ಮಾತುಕತೆಯಲ್ಲಿ ಯಾರೂ ಹೇಳಲಿಲ್ಲ. ಅಲ್ಲಿ ಕೂತವರೆಲ್ಲ ಬೋರ್ ಇದ್ದವರು ಅನ್ನುವುದು ಈಗ ಯೋಚಿಸಿದರೆ ಗೊತ್ತಾಗುತ್ತದೆ.

ಟೊಮೆಟೊ_ಬಾಕ್ಸ್

ನೀರಗಂಟಿ ತಮ್ಮಾ, ನನ್ನ ಬೋರ್‌ಗೆ ನಾನು ಸಾಲ ಮಾಡಿದ್ದೀನಿ. ಪುಕ್ಕಟೆ ಬರಲಿಲ್ಲ. ತೂಬು ಎತ್ತಿ ಭತ್ತದ ಗದ್ದೆಗೆ ನೀರು ಬಿಟ್ಟರೆ ಒಂದೇ ತಿಂಗಳಿಗೆ ಕೆರೆ ಖಾಲಿ. ಆಮೇಲೆ?

ನೀರಗಂಟಿ_ಮೊಮ್ಮಗ

ಭತ್ತ ಯಾರು ಕೇಳಿದರು ಅಣ್ಣ? ರಾಗಿಗೆ, ರೇಷ್ಮೆ ಸೊಪ್ಪಿಗೆ ಎರಡು ಸರದಿ ಸಾಕು. ಪೂರ್ತಿ ಬಿಡಿ ಅಂತಲೂ ಅಲ್ಲ. ನಮಗೂ ಒಂದು ಪಾಲು ಇದೆ ಅಂತ ಒಪ್ಪಿಕೊಂಡರೆ ಎಷ್ಟು ಅಂತ ಆಮೇಲೆ ಮಾತಾಡೋಣ.

ಹೊಸೂರು_ಹೈದ

ಕರ್ನಾಟಕದ ಆಚೆಯಿಂದ ಒಂದು ಮಾತು ಹೇಳಲಾ? ನಾವು ಹೊಸೂರಿನ ಕನ್ನಡದವರು. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆ ದಾಟಿದ ನೀರು ದಕ್ಷಿಣ ಪಿನಾಕಿನಿಗೆ ಸೇರಿ ನಮ್ಮ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ನಮ್ಮ ಕಡೆ ಆ ನೀರಿನಲ್ಲೇ ಬೆಳೆ. ನೊರೆಯೂ ಬರುತ್ತದೆ, ಗೇಟ್ ಎತ್ತಿದಾಗ ಗುಡ್ಡೆ ಗುಡ್ಡೆ ಹಾರುತ್ತದೆ. ನಾವು ಬೈಯುತ್ತೇವೆ, ಬೈಯುತ್ತಲೇ ಬಳಸುತ್ತೇವೆ.

44 ಕೋಟಿ ಲೀಟರನ್ನು ಪೈಪಿಗೆ ಹಾಕಿ ಕೋಲಾರದ ಕಡೆಗೆ ತಿರುಗಿಸಿದಾಗ ಅದು ಎಲ್ಲಿಂದಲೋ ಹೊಸದಾಗಿ ಹುಟ್ಟಿದ ನೀರಲ್ಲ. ಕೊಳಕಾಗಿಯೇ ಆದರೂ ಕೆಳಗೆ ಹರಿಯುತ್ತಿದ್ದ ನೀರು. ವರ್ತೂರಿನಿಂದ ಕೆಳಗೆ ನದಿ ದಂಡೆಯಲ್ಲಿ ಸೊಪ್ಪು, ಮೇವು ಬೆಳೆಯುವವರನ್ನು ಯೋಜನೆ ಮಾಡುವಾಗ ಯಾರಾದರೂ ಕೇಳಿದ್ದರಾ?

ಮಂಡ್ಯದ_ಮಗ

ಅಯ್ಯೋ, ಕೆಳಗಿನವರು ಮೇಲಿನವರನ್ನು ಕೇಳುವ ಪ್ರಶ್ನೆ ಬೆಂಗಳೂರಿನ ಚರಂಡಿಯವರೆಗೂ ಬಂತಾ 😀 ನಮಗೆ ಅಭ್ಯಾಸ ಆಗಿಹೋಗಿದೆ.

ಗರಂ_ಚಾಯ್

ಹೀಗೆ ಹತ್ತು ಜನ ಹತ್ತು ಕಡೆಯಿಂದ ಎಳೆದರೆ ಈ ದೇಶದಲ್ಲಿ ಒಂದು ಕೆಲಸವೂ ಆಗಲ್ಲ. ಎಲ್ಲರ ದೃಷ್ಟಿಕೋನ ಅಂತ ಕೂತರೆ ಪೈಪ್ ಹಾಕುವವರು ಯಾರು? ಬರ ಇತ್ತು, ನೀರು ಬಂತು. ಮುಗೀತು. ಸುಮ್ನೆ ಗೊಣಗುವುದು ಬಿಡಿ.

ಅಂಕಿಅಂಶ

ಹಾಗೆ ಅವಸರ ಮಾಡಿದ್ದಕ್ಕೇ ನೀರು ಬಂದ ಎರಡೇ ತಿಂಗಳಿಗೆ ಹೈಕೋರ್ಟಿನಲ್ಲಿ ನಿಂತಿತ್ತು ಸ್ವಾಮಿ. ಮೊದಲೇ ಕೇಳಿದ್ದರೆ ಆ ಸಮಯ ಉಳಿಯುತ್ತಿತ್ತು.

ಗರಂ_ಚಾಯ್

ಅಥವಾ ಇನ್ನೂ ಕೇಳುತ್ತಲೇ ಇರುತ್ತಿದ್ದಿರಿ. ಎತ್ತಿನಹೊಳೆ ನೋಡಿ.

ಎಸ್‌ಟಿಪಿ_ಸೀನ

ಗರಂ ಅವರ ಮಾತನ್ನು ತಳ್ಳಿಹಾಕಬೇಡಿ. ಕೋಲಾರಕ್ಕೆ ನೀರು ಬೇಗ ಬೇಕಿತ್ತು, ಅದು ನಿಜ. ಬೆಂಗಳೂರಿಗೂ ಅವಸರ ಇತ್ತು. 2015ರಿಂದ ಬೆಳ್ಳಂದೂರು ಕೆರೆಗೆ ಬೆಂಕಿ ಬೀಳುತ್ತಿದ್ದಾಗ ಈ ನೀರನ್ನು ಎಲ್ಲಿಗಾದರೂ ಕಳಿಸಿದರೆ ಸಾಕು ಅನ್ನಿಸಿತ್ತು. ಕೋಲಾರದ ಬಾಯಾರಿಕೆ, ಬೆಂಗಳೂರಿನ ತಲೆನೋವು ಎರಡೂ ಒಂದೇ ಪೈಪಿನಲ್ಲಿ ಸೇರಿದವು. ಹಾಗೆ ಸೇರಿದಾಗ ಯಾರ ಅಗತ್ಯಕ್ಕೆ ಈ ಯೋಜನೆ ಅಂತ ಕೇಳಿದರೆ ಎರಡು ಉತ್ತರ ಬರುತ್ತದೆ. ಮೂರನೇ ಹಂತಕ್ಕೆ ದುಡ್ಡು ಯಾರು ಹಾಕಬೇಕು ಅನ್ನುವ ಜಗಳದ ಬೇರು ಇದೇ ಅಂತ ನನಗೆ ಅನ್ನಿಸುತ್ತದೆ.

ಸಂಘದ_ಅಕ್ಕ

ನಾನು ಮಾಲೂರು ಕಡೆಯವಳು, ಸ್ತ್ರೀಶಕ್ತಿ ಸಂಘದಲ್ಲಿದ್ದೇನೆ. ಇಲ್ಲಿ ಹೆಂಗಸರು ಯಾರೂ ಬರೆದ ಹಾಗೆ ಕಾಣಲಿಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಎರಡು ನೀರು. ಕುಡಿಯಲಿಕ್ಕೆ ಶುದ್ಧ ನೀರಿನ ಘಟಕದ ಕ್ಯಾನ್, ಐದು ರೂಪಾಯಿ ಹಾಕಿ ತರುವುದು. ಪಾತ್ರೆ, ಬಟ್ಟೆ, ಸ್ನಾನ, ದನಕ್ಕೆ ಬೋರ್ ನೀರು. ಘಟಕ ಕೆಟ್ಟ ದಿನ ಬೋರ್ ನೀರೇ ಕುಡಿಯುವುದು. ಆ ದಿನಗಳು ಕಮ್ಮಿ ಏನಲ್ಲ. ಗಂಡಸರು "ಕುಡಿಯಲಿಕ್ಕೆ ಅಲ್ಲವಲ್ಲ ಈ ನೀರು" ಅಂತ ಸುಲಭವಾಗಿ ಹೇಳುತ್ತಾರೆ. ಕೊಡ ಹೊತ್ತು ತರುವವಳಿಗೆ ಆ ಗೆರೆ ಅಷ್ಟು ನೇರ ಅಲ್ಲ.

ನಮ್ಮ ಕಡೆ ಆಳದ ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ಮಕ್ಕಳ ಹಲ್ಲಿನ ಕಂದು ಕಲೆ ನೋಡಿದರೆ ಸಾಕು, ದಾಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ನೀರು ಮೇಲೆ ಬಂದಿರುವುದರಿಂದ ಫ್ಲೋರೈಡ್ ಕಮ್ಮಿ ಆಗಿರಬಹುದು. ಆದರೆ ಸೀನ ಸರ್ ಹೇಳಿದ ನೈಟ್ರೇಟ್ ಸೇರಿದ್ದರೆ? ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೈಗೂಸುಗಳಿಗೆ ಪುಡಿ ಹಾಲು ಕಲಸುವುದು ಇದೇ ನೀರಿನಲ್ಲಿ. ಕೆರೆ ನೀರಿನ ಪರೀಕ್ಷೆ ಬಗ್ಗೆ ಪೇಪರಿನಲ್ಲಿ ಬರುತ್ತದೆ. ನಮ್ಮ ಮನೆ ಬೋರಿನ ನೀರಿನ ಬಗ್ಗೆ ಯಾರೂ ಬರೆಯಲ್ಲ.

ಎಸ್‌ಟಿಪಿ_ಸೀನ

ಅಕ್ಕ, ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತಿ ಒಳ್ಳೆಯ ಪ್ರಶ್ನೆ ಇದು. ಪೈಪಿನ ಬಾಯಲ್ಲಿ ಅಳೆಯುವುದು ಇಲಾಖೆಗೆ ಸುಲಭ. ಬೋರಿನಲ್ಲಿ ಅಳೆದರೆ ಮಾತ್ರ ಮಣ್ಣು ಎಷ್ಟು ಸೋಸಿದೆ ಗೊತ್ತಾಗುವುದು.

ಕೆರೆದಂಡೆ

ಅಕ್ಕ, ಪರೀಕ್ಷೆ ಎಲ್ಲಿ ಮಾಡಿಸಬಹುದು? ನಮ್ಮ ಪಂಚಾಯಿತಿಯಲ್ಲಿ ಕೇಳಿದರೆ ಕೈ ಆಡಿಸುತ್ತಾರೆ.

ಸಂಘದ_ಅಕ್ಕ

ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯಲ್ಲಿ ಐದು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಇದೆ. ಎಫ್‌ಟಿಕೆ ಅಂತ ಒಂದು ಕಿಟ್ ಕೊಡುತ್ತಾರೆ. ಅದರಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ, ಕ್ಲೋರೈಡ್, ಕಬ್ಬಿಣ ಎಲ್ಲ ಬಣ್ಣ ನೋಡಿ ಹೇಳಬಹುದು. ಪಂಚಾಯಿತಿ ಬೀರುವಿನಲ್ಲಿ ಕಿಟ್ ಇರಬಹುದು, ಹುಡುಕಿಸಿ. ಔಷಧಿಯ ದಿನಾಂಕ ಮುಗಿದಿದೆಯಾ ನೋಡಿಕೊಳ್ಳಿ. ಸೀಸ, ಕ್ಯಾಡ್ಮಿಯಂ ಥರದ್ದು ಮಾತ್ರ ಕಿಟ್‌ನಲ್ಲಿ ಗೊತ್ತಾಗಲ್ಲ. ಅದಕ್ಕೆ ದೊಡ್ಡ ಲ್ಯಾಬ್ ಬೇಕು.

ಅಂಕಿಅಂಶ

ಹಾಗಾದರೆ ಮೂರು ಬೋರ್ ಆರಿಸಿ. ಒಂದು ಕೆರೆ ಏರಿಯ ಪಕ್ಕ, ಒಂದು ಅರ್ಧ ಕಿಲೋಮೀಟರ್ ಆಚೆ, ಒಂದು ನೀರೇ ಬರದ ಕೆರೆಯ ಊರಿನಲ್ಲಿ. ಮೂರನ್ನೂ ಒಂದೇ ದಿನ, ಒಂದೇ ಕಿಟ್‌ನಲ್ಲಿ. ಬೇಸಿಗೆಯಲ್ಲಿ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ. ನೀರಿನ ಮಟ್ಟವನ್ನೂ ಬರೆದಿಡಿ. ಕಾಲಂ ಹಾಕಿದ ಹಾಳೆ ನಾನು ಮಾಡಿ ಕಳಿಸುತ್ತೇನೆ.

ನೀರಗಂಟಿ_ಮೊಮ್ಮಗ

ನಾಲ್ಕನೆಯದೂ ಸೇರಿಸಿ. ನಮ್ಮ ಕೇರಿಯ ಕೈಪಂಪ್. ಎಲ್ಲ ಪರೀಕ್ಷೆಯೂ ಊರೊಳಗೇ ನಿಂತುಹೋಗುತ್ತದೆ.

ಟೊಮೆಟೊ_ಬಾಕ್ಸ್

ಏರಿ ಪಕ್ಕದ ಬೋರ್ ಬೇಕಾದರೆ ನನ್ನದು ತಗೊಳ್ಳಿ. ಆದರೆ ರಿಪೋರ್ಟ್ ಕೆಟ್ಟದು ಬಂದರೆ ನನ್ನ ಟೊಮೆಟೊ ಹೆಸರು ಹಾಳು ಮಾಡಬೇಡಿ. ವ್ಯಾಪಾರಿಗಳ ಕಿವಿಗೆ ಬಿದ್ದರೆ ಬಾಕ್ಸಿಗೆ ನೂರು ರೂಪಾಯಿ ಹೊಡೆಯುತ್ತಾರೆ.

ಕೆರೆದಂಡೆ

ಬೋರ್‌ಗಳಿಗೆ ನಂಬರ್ ಹಾಕೋಣ ಅಣ್ಣ, ಹೆಸರು ಬೇಡ. ಗ್ರಾಮಸಭೆಗೆ ಈಗ ಎರಡು ಅರ್ಜಿ ಬರೆಯುತ್ತೇನೆ. ಒಂದು ಈ ಪರೀಕ್ಷೆಗೆ ಕಿಟ್ ಕೊಡಿ ಅಂತ. ಇನ್ನೊಂದು ಅಚ್ಚುಕಟ್ಟಿಗೆ ತೂಬಿನ ಪಾಲು ಎಷ್ಟು ಅಂತ ಚರ್ಚೆ ಆಗಲಿ ಅಂತ. ಎರಡನೆಯದಕ್ಕೆ ಊರಲ್ಲಿ ಬೈಗುಳ ಗ್ಯಾರಂಟಿ.

ನೀರಗಂಟಿ_ಮೊಮ್ಮಗ

ಎರಡನೆಯದಕ್ಕೆ ಸಹಿ ನಮ್ಮ ಕೇರಿಯಿಂದ ಮಾಡಿಸಿ ಕೊಡುತ್ತೇನೆ. ಸಭೆ ಮಾತ್ರ ಬೆಳಗ್ಗೆ ಹನ್ನೊಂದಕ್ಕೆ ಇಡಬೇಡಿ, ಕೂಲಿಗೆ ಹೋದವರು ಬರಲ್ಲ. ಸಂಜೆ ಇಡಿಸಿ.